ಗೆಳೆತನದ ನೆನಪನ್ನು ಕಾಯುವವರು ಯಾರು?

ಶತಮಾನೋತ್ಸವದ ಅಂಗವಾಗಿ ಜರುಗಿದ ಮಹಿಳಾ ಸಮಾವೇಶದಲ್ಲಿ ಮಾಡಿದ ಭಾಷಣ



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ ಇಲ್ಲಿ ಸೇವೆ ಸಲ್ಲಿಸಿದ ಗುರುಗಳನ್ನೂ ಭೂಮಿಯನ್ನಿತ್ತ ದಾನಿಗಳನ್ನೂ ಕಲ್ಲು ಹೊತ್ತ ಕೈಗಳನ್ನೂ ಕೃತಜ್ಞತೆಯಿಂದ ಸ್ಮರಿಸಿದ್ದೇವೆ. ಅದು ಉಚಿತವೇ ಸರಿ. ಆದರೆ ಈ ಧರ್ಮಕೇಂದ್ರವನ್ನು ಒಂದಾಗಿ ಹಿಡಿದಿಟ್ಟ ಇನ್ನೊಂದು ಬಂಧವುಂಟು. ಅದಕ್ಕೆ ಶಿಲಾಫಲಕವಿಲ್ಲ, ದಾಖಲೆಯಿಲ್ಲ. ಅದು ಸ್ತ್ರೀಯರ ಜೀವಮಾನದ ಗೆಳೆತನ. ಆ ಗೆಳೆತನದ ನೆನಪನ್ನು ಉಳಿಸುವ ಹೊಣೆಯನ್ನು ಕುರಿತು ಕೆಲವು ಮಾತುಗಳನ್ನು ನಿಮ್ಮ ಮುಂದಿಡಲು ಬಯಸುತ್ತೇವೆ.

ಆವಿಲಾದ ಸಂತ ತೆರೇಸಾರನ್ನು ನಾವೆಲ್ಲ ಬಲ್ಲೆವು. ಅವರು ಕಾರ್ಮೆಲ್ ಸಭೆಯ ಸುಧಾರಕಿ. 1970ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ಧರ್ಮಸಭೆಯ ಪಂಡಿತೆಯೆಂದು ಘೋಷಿಸಿದ ಪ್ರಥಮ ಮಹಿಳೆ. ಅಂಥವರಿಗೂ ಗೆಳತಿಯರಿದ್ದರು. 1562ರಲ್ಲಿ ಅವರು ಸ್ಪೇನಿನ ತೊಲೆದೊ ನಗರದಲ್ಲಿ ಒಬ್ಬ ಕುಲೀನ ಮಹಿಳೆಯ ಮನೆಯಲ್ಲಿ ತಂಗಿದ್ದಾಗ, ಅಲ್ಲಿ ಬೆಳೆಯುತ್ತಿದ್ದ ಮರಿಯಾ ಎಂಬ ಬಾಲೆಯ ಪರಿಚಯವಾಯಿತು. ಆಕೆ 1570ರಲ್ಲಿ ಮಠ ಸೇರಿ, ಸಂತ ಜೋಸೆಫರ ಮರಿಯಾ ಎಂಬ ಹೆಸರು ಪಡೆದು, 1575ರಲ್ಲಿ ಸೆವಿಲ್ ನಗರದ ಹೊಸ ಮಠಕ್ಕೆ ಮುಖ್ಯಸ್ಥೆಯಾದರು. ಮರುವರ್ಷ ತೆರೇಸಾ ಸೆವಿಲನ್ನು ಬಿಟ್ಟು ಹೊರಟ ಮೇಲೆ ಅವರಿಬ್ಬರೂ ಮತ್ತೆ ಭೇಟಿಯಾಗಲಿಲ್ಲ. 1582ರಲ್ಲಿ ತೆರೇಸಾ ದೈವಾಧೀನರಾಗುವವರೆಗೆ ಆ ಸ್ನೇಹವೆಲ್ಲ ಕಾಗದದ ಮೇಲೆಯೇ ನಡೆಯಿತು.

ಆ ಪತ್ರಗಳಲ್ಲಿ ಪ್ರಾರ್ಥನೆಯ ಮಾತಿನ ಜೊತೆಗೆ ಸಾಲದ ಚಿಂತೆ, ಜ್ವರ, ಔಷಧಿ, ಗದರಿಕೆ, ಅಕ್ಕರೆ ಎಲ್ಲವೂ ಇವೆ. ತೆಂಗು ಬೆಳೆಯದ ಆ ನಾಡಿನಲ್ಲಿ ಮರಿಯಾ ಒಮ್ಮೆ ಸೆವಿಲಿನಿಂದ ತೆಂಗಿನಕಾಯಿ ಕಳುಹಿಸಿದರೆ, ಅದು ನೋಡತಕ್ಕ ವಸ್ತುವೆಂದು ತೆರೇಸಾ ಬೆರಗಾಗಿ ಬರೆದರು! ತೆರೇಸಾರ ಪತ್ರಗಳಲ್ಲಿ ಇಂದು ಉಳಿದಿರುವುವು 450ಕ್ಕೂ ಹೆಚ್ಚು. ಅವುಗಳಲ್ಲಿ 60ಕ್ಕೂ ಮಿಕ್ಕಿದವು ಈ ಒಬ್ಬ ಗೆಳತಿಗೆ ಬರೆದವು. ಅವು ಉಳಿದುದು ಪಡೆದವರು ಜೋಪಾನ ಮಾಡಿದ್ದರಿಂದ. ಅಷ್ಟೇ ಅಲ್ಲದೆ ಮರಿಯಾ, ಭಗಿನಿಯರ ಸಂಭಾಷಣೆಯ ರೂಪದ ಒಂದು ಗ್ರಂಥದಲ್ಲಿ ತೆರೇಸಾರ ನೆನಪುಗಳನ್ನು ಬರೆದಿಟ್ಟರು. ಮುಂದೆ ಲಿಸ್ಬನ್‌ನಲ್ಲಿ ಮೇಲಧಿಕಾರಿಗಳ ಅಸಮಾಧಾನಕ್ಕೆ ಗುರಿಯಾಗಿ ಮಠದೊಳಗೇ ಸೆರೆವಾಸ ಅನುಭವಿಸಿ, 1603ರಲ್ಲಿ ಅವರು ಕಣ್ಮುಚ್ಚಿದರು. ಆದರೆ ಮರಿಯಾ ತೆರೇಸಾರಿಗೆ ಬರೆದ ಉತ್ತರಗಳು ನಮಗೆ ದೊರೆತಿಲ್ಲ. ಇಬ್ಬರ ಮಾತುಕತೆಯಲ್ಲಿ ಒಬ್ಬರ ದನಿ ಮಾತ್ರ ಇಂದು ಕೇಳಿಸುತ್ತದೆ. ಒಂದು ಕಡೆ ಕಾಪಾಡಿದರೆ ಒಂದು ಕಡೆ ಮಾತ್ರ ಉಳಿಯುತ್ತದೆ.

"ಅವರು ಬರೆಯಬಲ್ಲವರು, ನಮ್ಮ ಅಜ್ಜಿಯಂದಿರಿಗೆ ಅಕ್ಷರವೆಲ್ಲಿತ್ತು?" ಎಂದು ಯಾರಾದರೂ ಕೇಳಬಹುದು. ಅದಕ್ಕೂ ಉತ್ತರ ನಮ್ಮ ಹತ್ತಿರದಲ್ಲಿಯೇ ಇದೆ. ತೆರೇಸಾರ ಪರಂಪರೆಯ ಕಾರ್ಮೆಲ್ ಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲಿ ಗಲಿಲೇಯ ನಾಡಿನ ಮರಿಯಮ್ ಬವಾರ್ದಿ ಒಬ್ಬರು. 1871ರಲ್ಲಿ ಮಂಗಳೂರಿನಲ್ಲಿಯೇ ಅವರ ವ್ರತಸ್ವೀಕಾರ ನಡೆಯಿತು. ಅವರಿಗೆ ಓದುಬರಹ ಹೆಚ್ಚು ಬಾರದು. ಅವರು ಆಡಿದ ಮಾತುಗಳನ್ನು ಸಹಭಗಿನಿಯರು ಕೇಳಿ ಬರೆದಿಟ್ಟರು. 2015ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಅವರನ್ನು ಸಂತರ ಸಾಲಿಗೆ ಸೇರಿಸಿದರು. ಬರೆಯಲಾರದವರ ನೆನಪು ಉಳಿಯಬೇಕಾದರೆ ಕೇಳುವ ಕಿವಿಯೂ ಬರೆಯುವ ಕೈಯೂ ಬೇಕು.

ಈಗ ನಮ್ಮ ಧರ್ಮಕೇಂದ್ರದ ಕಡೆಗೆ ದೃಷ್ಟಿ ಹರಿಸೋಣ. ಸ್ನಾನದೀಕ್ಷೆಯ ದಾಖಲೆ ಪುಸ್ತಕದಲ್ಲಿ ತಾಯಿಯ ಹೆಸರುಂಟು, ಜ್ಞಾನತಾಯಿಯ ಹೆಸರೂ ಉಂಟು. ಎಷ್ಟೋ ಮನೆಗಳಲ್ಲಿ ಆ ಜ್ಞಾನತಾಯಿ ಹೆತ್ತವಳ ಬಾಲ್ಯದ ಗೆಳತಿಯೇ ಆಗಿರುತ್ತಾಳೆ. ಆದರೆ ಆ ಸಂಗತಿಯನ್ನು ಪುಸ್ತಕ ಹೇಳುವುದಿಲ್ಲ; ಬಲ್ಲವರು ಹೇಳಬೇಕು. ಸೂಡಿಯ ಬೆಳಕಿನಲ್ಲಿ ಜೊತೆಯಾಗಿ ಮುಂಜಾನೆಯ ಪೂಜೆಗೆ ನಡೆದವರು, ಬೀಡಿ ಸುತ್ತುತ್ತ ಜಪಸರ ಹೇಳಿದವರು, ಮದುವೆಯಾಗಿ ಬೇರೆ ಬೇರೆ ಊರು ಸೇರಿದರೂ ವರ್ಷಕ್ಕೊಮ್ಮೆ ಹಬ್ಬದ ದಿನ ಇದೇ ಅಂಗಳದಲ್ಲಿ ಕೈಹಿಡಿದು ಕಣ್ಣೊರೆಸಿಕೊಂಡವರು ನಮ್ಮ ತಾಯಂದಿರಲ್ಲವೇ?

ಇನ್ನೊಂದು ಮಾತನ್ನು ಹೇಳದಿರಲಾರೆವು. ಗಂಡ ತೀರಿಕೊಂಡರೆ ಹೆಂಡತಿಗೂ, ತಾಯಿ ತೀರಿಕೊಂಡರೆ ಮಕ್ಕಳಿಗೂ ನಾವು ಸಾಂತ್ವನ ಹೇಳುತ್ತೇವೆ. ಅರುವತ್ತು ವರ್ಷದ ಗೆಳತಿ ತೀರಿಕೊಂಡಾಗ ಉಳಿದ ಗೆಳತಿ ಎಲ್ಲಿರುತ್ತಾಳೆ? ದೇವಾಲಯದ ಹಿಂದಿನ ಸಾಲಿನಲ್ಲಿ. ಆಕೆಯ ಕೈಹಿಡಿದು "ನಿಮಗೆಷ್ಟು ದುಃಖವಾಗಿರಬೇಕು" ಎನ್ನುವವರು ವಿರಳ. ಸತ್ತವರ ಹರೆಯದ ನಗುವನ್ನು ಮಕ್ಕಳೂ ಕಂಡವರಲ್ಲ, ಅದನ್ನು ಬಲ್ಲವಳು ಆಕೆಯೊಬ್ಬಳೇ. ಆಕೆಯೂ ತೆರಳಿದ ದಿನ ಎರಡು ಜೀವಗಳ ಕಥೆ ಒಮ್ಮೆಗೇ ಮಣ್ಣುಪಾಲಾಗುತ್ತದೆ.

ಆದುದರಿಂದ ಈ ಶತಮಾನೋತ್ಸವದ ನೆನಪಿಗಾಗಿ ಒಂದು ಸಣ್ಣ ಕಾರ್ಯವನ್ನು ಸೂಚಿಸುತ್ತೇವೆ. ಪ್ರತಿಯೊಂದು ವಾಳೆಯ ಯುವತಿಯರು ಎಂಬತ್ತು ದಾಟಿದ ತಾಯಂದಿರ ಬಳಿ ಕುಳಿತು, ನಿಮ್ಮ ಗೆಳತಿ ಯಾರು, ಹೇಗೆ ಪರಿಚಯವಾದಿರಿ, ಕಷ್ಟಕಾಲದಲ್ಲಿ ಯಾರು ಅಕ್ಕಿ ತಂದುಕೊಟ್ಟರು ಎಂದು ಕೇಳಲಿ. ಕೊಂಕಣಿಯಲ್ಲಿ ಹೇಳಿದರೆ ಕೊಂಕಣಿಯಲ್ಲೇ, ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ ಬರೆದುಕೊಳ್ಳಲಿ. ಹಳೆಯ ಭಾವಚಿತ್ರಗಳ ಹಿಂಬದಿಯಲ್ಲಿ ಇಬ್ಬರ ಹೆಸರನ್ನೂ ಇಸವಿಯನ್ನೂ ಗುರುತಿಸಲಿ. ಗೆಳತಿ ನಂಬಿ ಹೇಳಿದ ಗುಟ್ಟನ್ನು ಮಾತ್ರ ಯಾರೂ ಕೆದಕದಿರಲಿ. ಅದನ್ನು ಕಾಯುವುದೂ ಸ್ನೇಹಧರ್ಮವೇ. ಹೀಗೆ ಬರೆದ ಪುಸ್ತಕವನ್ನು ದಾಖಲೆ ಪುಸ್ತಕಗಳ ಪಕ್ಕದಲ್ಲಿಯೇ ಇರಿಸಲು ಪೂಜ್ಯ ಗುರುಗಳು ಅನುಮತಿಸಬೇಕೆಂದು ವಿನಂತಿಸುತ್ತೇವೆ.

ಕಲ್ಲಿನ ದೇವಾಲಯವನ್ನು ಹಿರಿಯರು ಕಟ್ಟಿಕೊಟ್ಟಿದ್ದಾರೆ. ಈ ಪುಸ್ತಕವನ್ನು ನಾವು ಬರೆದರೆ ಮುಂದಿನವರು ಓದಿಯಾರು. ಇದೇ ವಾರ ಆರಂಭಿಸೋಣ. ನಮ್ಮ ತಾಯಂದಿರಿಗೆ ಕಾಯುವಷ್ಟು ಕಾಲವಿಲ್ಲ.