ಅಕ್ಕಡಿ ಸಾಲು ಬಿಟ್ಟೆವು, ಸಾಲ ಹಿಡಿದೆವು

(ತುಮಕೂರು ಜಿಲ್ಲೆಯ ಹಳ್ಳಿಯೊಂದರ ರೈತ ಸಭೆಯಲ್ಲಿ ಮಾಡಿದ ಭಾಷಣ)



ಸಾವಯವ ಕೃಷಿಯ ಮೇಲೆ ಮಾತಾಡಬೇಕು ಅಂತ ಹೇಳಿದ್ದಾರೆ. ನಾನು ಹೈಸ್ಕೂಲಿಗೆ ನಿಂತವನು. ವಿಜ್ಞಾನಿಗಳ ಹಾಗೆ ಮಾತಾಡೋಕೆ ಬರೋದಿಲ್ಲ. ನನ್ನ ಮೂರು ಎಕರೆ ಖುಷ್ಕಿ ಹೊಲದ ಲೆಕ್ಕವನ್ನೇ ನಿಮ್ಮ ಮುಂದೆ ಇಡುತ್ತೇನೆ.

ನಮ್ಮಪ್ಪನ ಕಾಲದಲ್ಲಿ ಆ ಹೊಲದಲ್ಲಿ ಬರೀ ರಾಗಿ ಇರಲಿಲ್ಲ. ಕೂರಿಗೆಯಲ್ಲಿ ರಾಗಿ, ಹಿಂದೆ ಸಡ್ಡೆಯಲ್ಲಿ ಅಕ್ಕಡಿ. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಅಲಸಂದೆ. ಬದುವಿನ ಮೇಲೆ ಹರಳು. ನಮ್ಮವ್ವ ಅಂಗಡಿಯಿಂದ ತರುತ್ತಿದ್ದದ್ದು ಉಪ್ಪು, ಬೆಲ್ಲ, ಸೀಮೆಎಣ್ಣೆ, ಅಷ್ಟೇ. ನಾನು ಯಜಮಾನನಾದೆ, ಬುದ್ಧಿವಂತನಾದೆ. ಅಕ್ಕಡಿ ಇದ್ದರೆ ಒಂದೇ ಸಲ ಕಟಾವು ಆಗೋದಿಲ್ಲ ಅಂತ ತೆಗೆದುಹಾಕಿದೆ. ಗೊಬ್ಬರದ ಅಂಗಡಿಯಲ್ಲಿ ಉದ್ದರಿ ಶುರುವಾಯಿತು. ಸುಗ್ಗಿಯಲ್ಲಿ ಅಂಗಡಿಯವರು ಹೇಳಿದ ದರಕ್ಕೆ ರಾಗಿ ಅಳೆದುಕೊಟ್ಟೆ. ಆಮೇಲೆ ಮನೆಗೆ ಬೇಳೆ, ಎಣ್ಣೆ ಮತ್ತೆ ಅಂಗಡಿಯಿಂದ! ಹೆಂಡತಿಯ ಓಲೆ ಎರಡು ವರ್ಷ ಗಿರವಿಯಲ್ಲಿ ಕೂತಿತು. ಒಂದು ದಿನ ಅವಳೇ ಕೇಳಿದಳು: "ಹೊಲದಲ್ಲಿ ಬೆಳೀತಿದ್ದ ಅವರೇಕಾಳನ್ನ ದುಡ್ಡು ಕೊಟ್ಟು ತರ್ತೀರಲ್ಲ, ನಾಚಿಕೆ ಆಗಲ್ವಾ?" ಆಯಿತು. ಆ ವರ್ಷವೇ ಒಂದು ಎಕರೆಗೆ ಅಕ್ಕಡಿ ಹಾಕಿದೆ.

ಒಂದೇ ಎಕರೆ ಯಾಕೆ ಅಂತೀರಾ? ಗೊಬ್ಬರ ನಿಲ್ಲಿಸಿದ ಮೊದಲ ಎರಡು ವರ್ಷ ರಾಗಿ ಇಳಿಯಿತು. ಇದನ್ನು ಮುಚ್ಚಿಟ್ಟು ಭಾಷಣ ಮಾಡೋರ ಮಾತು ನಂಬಬೇಡಿ. ಮೂರೂ ಎಕರೆಗೆ ಒಮ್ಮೆಗೇ ಕೈ ಹಾಕಿದ್ದರೆ ಇನ್ನೊಂದು ಸಾಲ ಆಗುತ್ತಿತ್ತು. ತಿಪ್ಪೆ ಗೊಬ್ಬರ ಸಾಲದಾದಾಗ ಕುರಿ ಮಂದೆ ನಿಲ್ಲಿಸಿದೆ. ಮಂದೆಯವರಿಗೆ ರಾಗಿ ಕೊಟ್ಟೆ, ದುಡ್ಡಲ್ಲ. ಕಳೆಗೆ ಮುಯ್ಯಾಳು ಮಾಡಿಕೊಂಡೆವು.

ಅವರೆ, ತೊಗರಿಯ ಬೇರಿನ ಗಂಟುಗಳಲ್ಲಿ ಇರುವ ಸೂಕ್ಷ್ಮಜೀವಿ ಗಾಳಿಯ ಸಾರಜನಕ ಹಿಡಿಯುತ್ತೆ. ತೊಗರಿ ಎಲೆ ಉದುರಿ ಮಣ್ಣಿಗೇ ಸೇರುತ್ತೆ. ಹುಚ್ಚೆಳ್ಳಿನ ಹೂ ತನ್ನ ಪರಾಗದಿಂದ ತಾನೇ ಕಾಳು ಕಟ್ಟೋದಿಲ್ಲ, ಜೇನು ಬಂದು ಬೇರೆ ಗಿಡದ ಪರಾಗ ತರಬೇಕು. ಹೂ ಬಿಟ್ಟಾಗ ಪಕ್ಕದ ಹೊಲದಲ್ಲಿ ಔಷಧಿ ಹೊಡೆದರೆ ನನ್ನ ಹುಚ್ಚೆಳ್ಳು ಜೊಳ್ಳು. ಹಾಗಾಗಿ ಇದು ಒಬ್ಬನೇ ಮಾಡುವ ಬೇಸಾಯವಲ್ಲ. ಪಕ್ಕದವರ ಹತ್ತಿರ ಹೋಗಿ ಮಾತಾಡಲೇಬೇಕು. ಜೋಳದ ದಂಟಿನ ಮೇಲೆ ಕಾಜಾಣ ಕೂತು ಹುಳ ಹಿಡಿಯುತ್ತೆ. ಗಿಳಿ ಬಂದು ಜೋಳ ತಿನ್ನೋದೂ ನಿಜ, ತಿನ್ನಲಿ ಬಿಡಿ.

ಈಗ ಬೆಲೆಯ ಮಾತಿಗೆ ಬರೋಣ. 2004ರಲ್ಲೇ ನಮ್ಮ ರಾಜ್ಯ ಸಾವಯವ ಕೃಷಿ ನೀತಿ ತಂದಿತು. 2025-26ಕ್ಕೆ ರಾಗಿಗೆ ಕ್ವಿಂಟಾಲಿಗೆ 4,886 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಯಿತು. ಅದೇ ಪಟ್ಟಿಯಲ್ಲಿ ಅವರೆ ಹುಡುಕಿ, ಹುರುಳಿ ಹುಡುಕಿ, ಅಲಸಂದೆ, ಹರಳು ಹುಡುಕಿ. ಹೆಸರೇ ಇಲ್ಲ! ಯೂರಿಯಾ ಚೀಲಕ್ಕೆ ಸರ್ಕಾರದ ಸಬ್ಸಿಡಿ ಇದೆ, ಮಣ್ಣಿಗೆ ಸಾರಜನಕ ತುಂಬುವ ಅವರೆ ಬೆಳೆದವನಿಗೆ ಏನಿದೆ? ಈ ಪ್ರಶ್ನೆಯನ್ನು ನಾವು ತಾಲ್ಲೂಕು ಕಚೇರಿ ಮುಂದೆ ಕೂತು ಕೇಳಬೇಕು. ಬರೀ ಸಾಲ ಮನ್ನಾ ಕೇಳಿದರೆ ಸಾಲದು.

ಸಾವಯವ ಅಂದರೆ ಪಟ್ಟಣದಲ್ಲಿ ಎರಡರಷ್ಟು ಬೆಲೆ ಅಂತ ಕೆಲವರು ಆಸೆ ತೋರಿಸ್ತಾರೆ. ಆ ಬೆಲೆಗೆ ಸರ್ಟಿಫಿಕೇಟು ಬೇಕು, ಅದಕ್ಕೆ ಖರ್ಚುಂಟು. ಒಬ್ಬರ ಹೊಲ ಒಬ್ಬರು ನೋಡಿ ಖಾತ್ರಿ ಕೊಡುವ ಪಿ.ಜಿ.ಎಸ್. ಪದ್ಧತಿ ನಮ್ಮಂಥವರಿಗೆ ಮೇಲು, ಕನಿಷ್ಠ ಐದು ಜನ ಸೇರಿದರೆ ಗುಂಪಾಗುತ್ತೆ. ಆದರೆ ನನಗೆ ಲಾಭ ಬಂದದ್ದು ಪಟ್ಟಣದಿಂದಲ್ಲ. ಅಂಗಡಿಗೆ ಹೋಗೋದು ತಪ್ಪಿದ್ದೇ ಲಾಭ. ಓಲೆ ಬಿಡಿಸಿದ್ದು ಅದರಿಂದಲೇ.

ನಾಟಿ ಅವರೆ ಬೀಜ, ತೊಗರಿ ಬೀಜ ತಂದಿದ್ದೇನೆ, ಚೀಲ ಅಗೋ ಬಾಗಿಲ ಹತ್ತಿರ ಇದೆ. ಬೇಕಾದವರು ಹೆಸರು ಬರೆಸಿ ಒಂದೊಂದು ಸೇರು ತಗೊಂಡು ಹೋಗಿ. ಸಂಕ್ರಾಂತಿ ಕಳೆದ ಮೇಲೆ ಎರಡು ಸೇರು ವಾಪಸು ತರಬೇಕು, ಮರೆಯಬೇಡಿ.