ಪೋಕರಿ ವೀರನೂ ಶ್ರೀರಂಗಪಟ್ಟಣವೂ

(ಗಚ್ಚಿಬೌಲಿಯ ಕನ್ನಡ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ದಿನದ ದುಡಿಮೆ ಮುಗಿದ ಮೇಲೆ ಮಕ್ಕಳೊಡನೆ ಕುಳಿತು ಯುದ್ಧದ ಕಥೆ ನೋಡುವುದು ನಮ್ಮಲ್ಲಿ ಅನೇಕರಿಗೆ ಪ್ರಿಯ. 1993ರಲ್ಲಿ ಇಂಗ್ಲೆಂಡಿನ ಟೆಲಿವಿಷನ್ನಿನಲ್ಲಿ ಆರಂಭವಾದ ‘ಶಾರ್ಪ್’ ಅಂಥದೊಂದು ಮಾಲಿಕೆ. ಶಾನ್ ಬೀನ್ ಅಭಿನಯಿಸಿದ ಅದರ ನಾಯಕ ಬೀದಿಯಲ್ಲಿ ಬೆಳೆದವನು. ಕದಿಯಬಲ್ಲ, ಬೈಯಬಲ್ಲ, ಹೆದರಲಾರ. ಆರ್ಥರ್ ವೆಲ್ಲೆಸ್ಲಿಯ ಪ್ರಾಣ ಉಳಿಸಿ ಅಧಿಕಾರಿಯಾಗುತ್ತಾನೆ. ಹಣ ತೆತ್ತು ಪದವಿ ಕೊಂಡ ಶ್ರೀಮಂತರೆದುರು ಅವನು ತಲೆಯೆತ್ತಿ ನಿಂತಾಗ ಚಪ್ಪಾಳೆ ತಟ್ಟದವರಾರು?

ಆದರೆ ಈ ಪೋಕರಿ ನಮ್ಮ ನಾಡಿಗೂ ಬಂದಿದ್ದಾನೆ. ಮೂಲ ಕಾದಂಬರಿಕಾರ ಬರ್ನಾರ್ಡ್ ಕಾರ್ನ್‌ವೆಲ್ ಅವರು 1997ರ ‘ಶಾರ್ಪ್ಸ್ ಟೈಗರ್’ನಲ್ಲಿ ಅವನನ್ನು 1799ರ ಶ್ರೀರಂಗಪಟ್ಟಣಕ್ಕೆ ತಂದು, ಟಿಪ್ಪುವನ್ನು ಅವನ ಕೈಯಿಂದಲೇ ಕೊಲ್ಲಿಸಿ, ಒಡವೆಗಳನ್ನೂ ದೋಚಿಸಿದ್ದಾರೆ. ಇದು ಕಲ್ಪನೆ. ಆದರೆ ಮೇ 4ರಂದು ಕೋಟೆ ಬಿದ್ದ ಮೇಲೆ ಊರಿನಲ್ಲಿ ನಡೆದ ಲೂಟಿ ಕಲ್ಪನೆಯಲ್ಲ; ಅದನ್ನು ನಿಲ್ಲಿಸಲು ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಬೇಕಾಯಿತು. ಮುತ್ತಿಗೆ ಹಾಕಿದ ದಂಡಿನಲ್ಲಿ ಇದೇ ಹೈದರಾಬಾದಿನ ನಿಜಾಮರ ಪಡೆಯೂ ಇತ್ತು.

ಹಾಗೆಂದು ಪೆಟ್ಟಿಗೆಯನ್ನು ಆರಿಸಬೇಡಿ. ಪೋಕರಿಯನ್ನು ಮೆಚ್ಚುವುದು ತಪ್ಪಲ್ಲ, ಸಂತೋಷವಾಗಿ ನೋಡಿ. ಅವನ ಜೇಬು ತುಂಬುವಾಗ ಮಾತ್ರ, ಆ ಒಡವೆ ಯಾರ ಮನೆಯದೆಂದು ಮಗುವನ್ನು ಕೇಳಿ. ಮುಂದಿನ ರಜೆಯಲ್ಲಿ ಶ್ರೀರಂಗಪಟ್ಟಣಕ್ಕೆ ಕರೆದೊಯ್ದು, ಟಿಪ್ಪುವಿನ ಶವ ಸಿಕ್ಕ ಜಾಗವನ್ನೂ ಅದರಾಚೆಯ ಬೀದಿಗಳನ್ನೂ ತೋರಿಸಿ. ಆ ಬೀದಿಗಳ ಮನೆಗಳಲ್ಲಿ ಅಂದು ಬಾಗಿಲು ಹಾಕಿಕೊಂಡು ನಡುಗಿದವರಲ್ಲಿ ನಮ್ಮ ಮಾತನ್ನಾಡುವವರೂ ಇದ್ದರು. ಕಥೆಗಾರ ಅವರ ಹೆಸರು ಹೇಳಲಿಲ್ಲ. ನಾಡಿನಿಂದ ದೂರ ಬೆಳೆಯುವ ಮಗುವಿಗೆ ಅದನ್ನು ನಾವೇ ಹೇಳಬೇಕು.