ಕುಲುಮೆಯಲ್ಲಿ ಹುಟ್ಟುವ ಉಂಗುರ



ತೊಟ್ಟಿಲ ಸರಪಳಿ, ಬಾಗಿಲ ಚಿಲಕ, ದನದ ಕೊರಳ ಸರಪಳಿ, ಇವೆಲ್ಲವೂ ಕಬ್ಬಿಣದ ಸಣ್ಣ ಉಂಗುರವನ್ನೇ ನಂಬಿಕೊಂಡಿವೆ. ಸರಳನ್ನು ಬರಿದೆ ಬಾಗಿಸಿ ತುದಿಗಳನ್ನು ತಾಗಿಸಿಟ್ಟ ಉಂಗುರವು ಭಾರ ಬಿದ್ದೊಡನೆ ಬಿಚ್ಚಿಕೊಳ್ಳಬಹುದು. ಬೆಂಕಿಯಲ್ಲಿ ಬೆಸೆದ ಉಂಗುರದಲ್ಲಿ ಆ ಭಯವು ಕಡಿಮೆ. ಕಮ್ಮಾರನ ಕೌಶಲವನ್ನು ಅಳೆಯಬೇಕಾದುದು ಈ ಬೆಸುಗೆಯಿಂದಲೇ.

ಮೊದಲ ಕೆಲಸ ಲೆಕ್ಕದ್ದು. 6 ಮಿ.ಮೀ. ದಪ್ಪದ ಸರಳಿನಿಂದ 25 ಮಿ.ಮೀ. ಒಳವ್ಯಾಸದ ಉಂಗುರ ಬೇಕಾದರೆ ಇವೆರಡನ್ನೂ ಕೂಡಿಸಿ 3.14ರಿಂದ ಗುಣಿಸಬೇಕು, ಸುಮಾರು 97 ಮಿ.ಮೀ. ಆಗುತ್ತದೆ. ತುದಿಗಳು ಒಂದರ ಮೇಲೊಂದು ಕೂರಲು ಸರಳಿನ ದಪ್ಪದಷ್ಟನ್ನಾದರೂ ಹೆಚ್ಚಿಗೆ ಇರಿಸಿಕೊಳ್ಳುವುದು ವಾಡಿಕೆ.

ಅನಂತರ ಎರಡೂ ತುದಿಗಳನ್ನು ಕೆಂಪಗೆ ಕಾಯಿಸಿ ಪರಸ್ಪರ ಎದುರುಬದಿಯಲ್ಲಿ ಓರೆಯಾಗಿ ತಟ್ಟಿ, ಅಡಿಗಲ್ಲಿನ ಕೊಂಬಿನ ಮೇಲೆ ಸರಳನ್ನು ಬಾಗಿಸಲಾಗುತ್ತದೆ. ಕೂಡುವ ಸ್ಥಳಕ್ಕೆ ಬಿಳಿಗಾರವನ್ನು ಉದುರಿಸಿದರೆ, ಅದು ಕಬ್ಬಿಣದ ಮೇಲಿನ ಹೊಪ್ಪಳೆಯನ್ನು ಕರಗಿಸಿ ಲೋಹಕ್ಕೆ ಲೋಹವು ತಾಗುವಂತೆ ಮಾಡುತ್ತದೆ. ಮುಂದೆ ತಿದಿಯೊತ್ತಿ, ಕಬ್ಬಿಣವು ಹಳದಿಯನ್ನು ದಾಟಿ ಬಿಳಿಗೆ ಹತ್ತಿರವಾಗುವವರೆಗೆ ಕಾಯಿಸಬೇಕು. ಕಿಡಿಗಳು ಸಿಡಿಯತೊಡಗಿದರೆ ಕಬ್ಬಿಣವು ಉರಿಯುತ್ತಿದೆಯೆಂದೇ ಅರ್ಥ. ಸಣ್ಣ ಉಂಗುರವು ಕೆಲವೇ ಕ್ಷಣಗಳಲ್ಲಿ ಆರುವುದರಿಂದ ಏಟುಗಳು ಹಗುರವಾಗಿಯೂ ತ್ವರಿತವಾಗಿಯೂ ಬೀಳಬೇಕು. ತಣಿದ ಮೇಲೆ ಬೆಸುಗೆಯ ಗೆರೆ ಕಂಡುಬಂದರೆ ಅಂತಹ ಉಂಗುರವನ್ನು ತೊಟ್ಟಿಲಿಗೆ ಕೊಡಲಾಗದು.

ಒಂದು ಎಚ್ಚರಿಕೆ ಅಗತ್ಯ. ಸತುವಿನ ಲೇಪನವುಳ್ಳ ಹಳೆಯ ಸರಳು, ಕೊಳವೆಗಳನ್ನು ಕುಲುಮೆಗೆ ಹಾಕಬಾರದು. ಕಾದ ಸತುವಿನ ಹೊಗೆಯನ್ನು ಸೇವಿಸಿದವರಿಗೆ ಕೆಲವು ಗಂಟೆಗಳ ತರುವಾಯ ಚಳಿಜ್ವರ ಬರುತ್ತದೆ.

ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರು ರಸ್ತೆಬದಿಯಲ್ಲಿ ಗಾಡಿಯಾ ಲೋಹಾರ ಕುಟುಂಬಗಳನ್ನು ಕಂಡಿರಬಹುದು. 1568ರಲ್ಲಿ ಚಿತ್ತೋಡಗಢವು ಅಕ್ಬರನ ವಶವಾದಾಗ, ಕೋಟೆಯು ಮರಳಿ ದೊರೆಯುವವರೆಗೆ ಒಂದೆಡೆ ನೆಲೆಸುವುದಿಲ್ಲವೆಂದು ಇವರ ಪೂರ್ವಜರು ಶಪಥಗೈದರೆಂಬುದು ಪ್ರತೀತಿ. 1955ರ ಏಪ್ರಿಲ್‌ನಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರ ಸಮ್ಮುಖದಲ್ಲಿ ಇವರು ಆ ಕೋಟೆಯನ್ನು ಪುನಃ ಪ್ರವೇಶಿಸಿದರು. ಆದರೂ ಅನೇಕರಿಗೆ ಸ್ವಂತ ನೆಲೆ ದೊರೆಯಲಿಲ್ಲ. ಈ ಕುಟುಂಬಗಳಲ್ಲಿ ಸುತ್ತಿಗೆಯನ್ನೆತ್ತುವ ಕೈಗಳು ಎಷ್ಟೋ ವೇಳೆ ಹೆಣ್ಣುಮಕ್ಕಳವು.

ಯಂತ್ರದಲ್ಲಿ ತಯಾರಾದ ಸರಪಳಿಯು ಅಗ್ಗವಾದುದರಿಂದ ಕುಲುಮೆಯ ಬೇಡಿಕೆ ಕುಗ್ಗಿದೆ. ಇಂತಹ ಕಸುಬುದಾರರಿಗಾಗಿ 2023ರ ಸೆಪ್ಟೆಂಬರ್ 17ರಂದು ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯು ಆರಂಭವಾಯಿತು. ಅದರ ವ್ಯಾಪ್ತಿಗೆ ಬರುವ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು. ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿ ನೆರವು, ಆಧಾರವಿಲ್ಲದೆ ಮೊದಲ ಕಂತಿನಲ್ಲಿ 1 ಲಕ್ಷ ಮತ್ತು ಎರಡನೆಯ ಕಂತಿನಲ್ಲಿ 2 ಲಕ್ಷ ರೂಪಾಯಿವರೆಗೆ ಶೇ. 5ರ ಬಡ್ಡಿಯಲ್ಲಿ ಸಾಲ, ಇವು ಇದರ ಮುಖ್ಯಾಂಶಗಳು. ಒಂದು ಕುಟುಂಬದಿಂದ ಒಬ್ಬರು ಮಾತ್ರ ಇದರ ಪ್ರಯೋಜನ ಪಡೆಯಬಹುದು. ನೋಂದಣಿಯು ಸಾಮಾನ್ಯ ಸೇವಾ ಕೇಂದ್ರಗಳ ಮೂಲಕ ನಡೆಯುತ್ತದೆ.

ಸಾಲ ಮತ್ತು ಉಪಕರಣಗಳಿಂದಲೇ ಕಸುಬು ಉಳಿಯದು, ಕೊಳ್ಳುವವರೂ ಬೇಕು. ಬೆಸುಗೆಯ ಗುಣವನ್ನು ಬಲ್ಲ ಗ್ರಾಹಕನು ಕಮ್ಮಾರನ ಶ್ರಮಕ್ಕೆ ತಕ್ಕ ಬೆಲೆಯನ್ನು ಕೊಡಲು ಹಿಂಜರಿಯುವುದಿಲ್ಲ. ಆ ತಿಳಿವಳಿಕೆಯು ಮನೆಮನೆಗೂ ತಲುಪಲೆಂದು ಹಾರೈಸೋಣ.